ಕೋಕೋ ಸಾಬೂನಿನಲ್ಲಿ ಚುಕ್ಕೆ ಯಾಕೆ?

ಪ್ರಶ್ನೆ: ತೆಂಗಿನೆಣ್ಣೆಯ ಸಾಬೂನಿಗೆ ಬಣ್ಣಕ್ಕೆಂದು 3 ಚಮಚ ಕೋಕೋ ಪುಡಿ ಉದುರಿಸಿದೆ. ಕಪ್ಪು ಚುಕ್ಕೆ ಬಂತು, ನೊರೆಯೂ ಕಂದು. ತಪ್ಪೆಲ್ಲಿ?
– ಓದುಗರು, ಉಡುಪಿ

ಉತ್ತರ: ಕೋಕೋ ಎಣ್ಣೆಯಲ್ಲಿ ಕರಗುವುದಿಲ್ಲ, ಕಣಗಳಾಗಿ ಹರಡಿಕೊಳ್ಳುತ್ತದೆ ಅಷ್ಟೆ. ಒಣಪುಡಿ ಉದುರಿಸಿದರೆ ಗಂಟು ಕಟ್ಟುತ್ತದೆ. ಆ ಗಂಟುಗಳೇ ನಿಮ್ಮ ಚುಕ್ಕೆ. ಅರ್ಧ ಕಿಲೋ ಎಣ್ಣೆಗೆ 1 ಟೀ ಚಮಚ ಧಾರಾಳ ಸಾಕು. ಹೆಚ್ಚಾದರೆ ನೊರೆ ಕಂದಾಗಿ ಬಿಳಿ ಬೈರಾಸಿಗೂ ಕಲೆ ಹಿಡಿಯುತ್ತದೆ. ಪುಡಿ ಜರಡಿ ಹಿಡಿಯಿರಿ. ಅಳೆದಿಟ್ಟ ಎಣ್ಣೆಯಿಂದಲೇ 1 ದೊಡ್ಡ ಚಮಚ ತೆಗೆದು ನುಣ್ಣಗೆ ಕಲಸಿ, ಕಾಸ್ಟಿಕ್ ಸೋಡಾ ದ್ರಾವಣ ಬೆರೆತ ಮಿಶ್ರಣ ದಪ್ಪಗಾಗತೊಡಗಿದಾಗ ಸೇರಿಸಿ. ಬೇರೆ ಎಣ್ಣೆ ಹಾಕಿದರೆ ಸಾಬೂನಿನ ಜಿಡ್ಡು ಹೆಚ್ಚುತ್ತದೆ.

ಸಕ್ಕರೆ ಬೆರೆತ ಡ್ರಿಂಕಿಂಗ್ ಚಾಕೊಲೇಟ್ ಖಂಡಿತ ಬೇಡ: ಸಕ್ಕರೆಯಿಂದ ಅಚ್ಚಿನಲ್ಲೇ ಬಿಸಿ ಏರಿ ಸಾಬೂನು ಬಿರಿಯಬಹುದು. ಮಳೆಗಾಲದಲ್ಲಿ ಮೇಲೆ ಹನಿಗಟ್ಟಿದರೆ ಹೆದರಬೇಡಿ, ಸಾಬೂನಿನಲ್ಲೇ ಇರುವ ಗ್ಲಿಸರಿನ್ ನಮ್ಮ ಕರಾವಳಿಯ ತೇವ ಎಳೆದದ್ದು.