ಸೀಸನ್ ಶುರುವಿನಲ್ಲೇ ನಮ್ಮ ಕ್ಲಬ್ ಅಂಕಪಟ್ಟಿಯ (ಟೇಬಲ್) ತುದಿಯಲ್ಲಿದ್ದರೆ ಎಷ್ಟು ನಂಬಬಹುದು?

ನೀವು ಕೇಳಿರುವುದು ಇಷ್ಟು: ಈಚೆಗೆ ಜರ್ಮನಿಯ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ ನೋಡಲು ಶುರು ಮಾಡಿದ್ದೀರಿ. ನೀವು ಹಿಡಿದುಕೊಂಡ ಕ್ಲಬ್ ಅಷ್ಟೇನೂ ದೊಡ್ಡದಲ್ಲ. ಆದರೂ ಮೊದಲ ಆರು ಪಂದ್ಯಗಳಲ್ಲಿ ಒಂದನ್ನೂ ಸೋತಿಲ್ಲ. ಸ್ನೇಹಿತರು "ಇದೆಲ್ಲ ನಾಲ್ಕು ದಿನದ ಆಟ" ಅನ್ನುತ್ತಿದ್ದಾರೆ. ಇಂಥ ಆರಂಭವನ್ನು ಎಷ್ಟು ನಂಬಬಹುದು, ಯಾರಿಗಾದರೂ ಅನುಭವ ಇದೆಯಾ ಅಂತ ಕೇಳಿದ್ದೀರಿ.

ನನಗಿದೆ. ನಾನು ಯೂನಿಯನ್ ಬರ್ಲಿನ್ ಅಭಿಮಾನಿ. ಒಂದು ವರ್ಷ ಇಂಥ ಆರಂಭ ನಮ್ಮನ್ನು ಯೂರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ವರೆಗೆ ಕರೆದುಕೊಂಡು ಹೋಯಿತು. ಮರುವರ್ಷವೂ ಆರಂಭ ಚೆನ್ನಾಗಿತ್ತು, ಆದರೆ ಎರಡೇ ಪಂದ್ಯಕ್ಕೆ ಮುಗಿದುಹೋಯಿತು. ಎರಡನ್ನೂ ಸ್ಟೇಡಿಯಂನಲ್ಲಿ ನಿಂತು ನೋಡಿದ್ದೇನೆ. ಹಾಗಾಗಿ ನನ್ನ ಉತ್ತರ: ನಂಬಿ. ಪೂರ್ತಿ ಮನಸ್ಸಿನಿಂದ ಖುಷಿಪಡಿ. ಆದರೆ ಮೇಲಿರುವ ಸ್ಥಾನಕ್ಕಿಂತ, ಆ ಅಂಕಗಳು ಹೇಗೆ ಬಂದವು ಅನ್ನುವುದನ್ನು ನೋಡಿ.

2022ರ ಬೇಸಿಗೆಯಲ್ಲಿ ನಮ್ಮ ಮೇಲೆ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. ಹಿಂದಿನ ಸೀಸನ್‌ನಲ್ಲಿ ಗೋಲ್ ಹೊಡೆದು ಹೊಡೆದು ನಮ್ಮನ್ನು ಎತ್ತಿದ್ದ ತೈವೊ ಅವೊನಿಯಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋಗಿದ್ದ. ಮಿಡ್‌ಫೀಲ್ಡ್‌ನಲ್ಲಿ ಬೆವರು ಸುರಿಸುತ್ತಿದ್ದ ಗ್ರಿಶಾ ಪ್ರೋಮೆಲ್ ಹೋಫೆನ್‌ಹೈಮ್ ಸೇರಿದ್ದ. ಅವರ ಜಾಗಕ್ಕೆ ಬಂದವರಲ್ಲಿ ಜಾಸ್ತಿ ಜನ ಅಗ್ಗದವರು ಅಥವಾ ದುಡ್ಡೇ ಕೊಡದೆ ಸಿಕ್ಕವರು. ಫ್ರೈಬರ್ಗ್‌ನಿಂದ ಯಾನಿಕ್ ಹಾಬೆರರ್ ಬಂದ, ಹಾಲೆಂಡ್‌ನಿಂದ ಡಾನಿಲೊ ಡೂಕಿ ಬಂದ. ಪೋರ್ಟೊದಿಂದ ಡಿಯೊಗೊ ಲೈಟೆ ಎರವಲಾಗಿ ಬಂದ. ಕೋಚ್ ಸ್ವಿಟ್ಜರ್ಲೆಂಡ್‌ನ ಉರ್ಸ್ ಫಿಷರ್. ಪ್ರತಿ ವರ್ಷ ಅವರ ಗುರಿ ಒಂದೇ: 40 ಅಂಕ. ಅಷ್ಟು ಬಂದರೆ ಸಾಮಾನ್ಯವಾಗಿ ಕೆಳಗಿನ ಡಿವಿಷನ್‌ಗೆ ಬೀಳುವ ಭಯ ಇಲ್ಲ. ಅದಾದ ಮೇಲೆ ಮಿಕ್ಕ ಮಾತು.

ಮೊದಲ ಪಂದ್ಯವೇ ಬರ್ಲಿನ್ ಡರ್ಬಿ, ಅಂದರೆ ಒಂದೇ ಊರಿನ ಎರಡು ಕ್ಲಬ್‌ಗಳ ಪಂದ್ಯ. ಹೆರ್ಥಾವನ್ನು 3-1ರಿಂದ ಸೋಲಿಸಿದೆವು. ಮೈಂಜ್‌ನಲ್ಲಿ 0-0. ಆಮೇಲೆ ಲೈಪ್‌ಜಿಗ್ ಮೇಲೆ 2-1. ಶಾಲ್ಕೆ ಊರಿಗೇ ಹೋಗಿ 6-1. ಶಾಲ್ಕೆಯಂಥ ಹಳೆಯ ದೊಡ್ಡ ಕ್ಲಬ್‌ನ ಮನೆಯಲ್ಲಿ ಆರು ಗೋಲ್! ಐದನೇ ಪಂದ್ಯಕ್ಕೆ ಜರ್ಮನಿಯ ಅತಿ ದೊಡ್ಡ ಕ್ಲಬ್ ಬಾಯರ್ನ್ ಮ್ಯೂನಿಕ್ ನಮ್ಮಲ್ಲಿಗೆ ಬಂತು.

ಆ ಪಂದ್ಯದ ಗೋಲ್ ಬಗ್ಗೆ ಸ್ವಲ್ಪ ಹೇಳಲೇಬೇಕು. 12ನೇ ನಿಮಿಷ. ನಮಗೊಂದು ಫ್ರೀ ಕಿಕ್. ಚೆಂಡಿನ ಹಿಂದೆ ಕ್ಯಾಪ್ಟನ್ ಕ್ರಿಸ್ಟೋಫರ್ ಟ್ರಿಮೆಲ್. ಆಸ್ಟ್ರಿಯಾದವನು, 2014ರಲ್ಲಿ ಇಲ್ಲಿಗೆ ಬಂದವನು, ಬಿಡುವಿನಲ್ಲಿ ಟ್ಯಾಟೂ ಹಾಕುವುದು ಅವನ ಇನ್ನೊಂದು ಕೆಲಸ. ಅವನು ಚೆಂಡನ್ನು ಎಲ್ಲರ ತಲೆ ದಾಟಿಸಿ ಆಚೆ ಬದಿಗೆ ಕಳಿಸಿದ. ಅಲ್ಲಿ ಶೆರಾಲ್ಡೊ ಬೆಕರ್ ಅದನ್ನು ನೆಲಕ್ಕೆ ಬೀಳಲು ಬಿಡದೆ ನೇರವಾಗಿ ಒಳಗೆ ಹೊಡೆದ. ಮೂರೇ ನಿಮಿಷಕ್ಕೆ ಕಿಮ್ಮಿಷ್ ಸಮ ಮಾಡಿದ, ನಿಜ. ಆದರೆ ಉಳಿದ ಒಂದೂಕಾಲು ಗಂಟೆಯ ಆಟದಲ್ಲಿ ಬಾಯರ್ನ್‌ಗೆ ಇನ್ನೊಂದು ಗೋಲ್ ಸಿಗಲಿಲ್ಲ. ಚೆಂಡು ಜಾಸ್ತಿ ಹೊತ್ತು ಅವರ ಕಾಲಲ್ಲೇ ಇತ್ತು. ನಮ್ಮವರು ಸಾಲು ಬಿಡಲಿಲ್ಲ. ಗೋಲ್‌ಕೀಪರ್ ರೋನೊವ್ ಬಂದದ್ದನ್ನೆಲ್ಲ ತಡೆದ. ಈ ತಂಡ ಸುಮ್ನೆ ಮೇಲೆ ಬಂದಿಲ್ಲ ಅಂತ ನನಗೆ ಗಟ್ಟಿಯಾದದ್ದು ಆವತ್ತು.

ಆರನೇ ಪಂದ್ಯ ಕೊಲೋನ್‌ನಲ್ಲಿ, ಸೆಪ್ಟೆಂಬರ್ 11. ಅದಕ್ಕೆ ಮೂರು ದಿನ ಮುಂಚೆ ಯೂರೋಪಿನ ಎರಡನೇ ದರ್ಜೆಯ ಟೂರ್ನಿ ಯೂರೋಪಾ ಲೀಗ್‌ನಲ್ಲಿ ಬೆಲ್ಜಿಯಂನ ಯೂನಿಯನ್ ಸ್ಯಾಂ-ಜಿಲ್ವಾಜ್ ಎದುರು 0-1ರಿಂದ ಸೋತಿದ್ದೆವು. ಕಾಲುಗಳು ದಣಿದಿದ್ದವು. ಆರಂಭದಲ್ಲೇ ಕೊಲೋನ್ ಡಿಫೆಂಡರ್ ಒಬ್ಬ ತನ್ನದೇ ಗೋಲಿಗೆ ಚೆಂಡು ಹಾಕಿಬಿಟ್ಟ. ಆಮೇಲೆ ಅದನ್ನು ಕೊನೆಯವರೆಗೆ ಕಾಯ್ದುಕೊಂಡೆವು. 1-0. ಅಷ್ಟಕ್ಕೇ ಯೂನಿಯನ್ ಬರ್ಲಿನ್ ತನ್ನ ಇತಿಹಾಸದಲ್ಲಿ ಮೊದಲ ಸಲ ಬುಂಡೆಸ್‌ಲಿಗಾ ಟೇಬಲ್‌ನ ತುದಿಗೇರಿತು.

ಅದು ನಮಗೆ ಏನಾಗಿತ್ತು ಅಂತ ತಿಳಿಯಲು ಈ ಕ್ಲಬ್ ಬಗ್ಗೆ ಸ್ವಲ್ಪ ಗೊತ್ತಿರಬೇಕು. ನಾನು ಕೆಲಸದ ಮೇಲೆ ಬರ್ಲಿನ್‌ಗೆ ಬಂದು ಆಡ್ಲರ್ಸ್‌ಹೋಫ್‌ನಲ್ಲಿ ಮನೆ ಮಾಡಿದವನು. ಅಲ್ಲಿ ದೊಡ್ಡ ಟೆಕ್ನಾಲಜಿ ಪಾರ್ಕ್ ಇದೆ. ಕೊಪೆನಿಕ್ ಅಲ್ಲಿಂದ ಹತ್ತಿರ. ಕೊಪೆನಿಕ್‌ನ ಕಾಡಿನಂಚಿನಲ್ಲೇ ಯೂನಿಯನ್ ಸ್ಟೇಡಿಯಂ ಇದೆ, ಹೆಸರು ಆನ್ ಡೆರ್ ಆಲ್ಟೆನ್ ಫೋರ್ಸ್ಟೆರೈ. ಸುಮಾರು 22,000 ಜನ ಹಿಡಿಯುತ್ತದೆ. ಅದರಲ್ಲಿ ಕೂರಲು ಜಾಗ ಇರುವುದು ನಾಲ್ಕು ಸಾವಿರಕ್ಕೂ ಕಡಿಮೆ ಜನರಿಗೆ. ಉಳಿದವರೆಲ್ಲ ನಿಂತೇ ನೋಡಬೇಕು.

ಪೂರ್ವ ಜರ್ಮನಿ ಇದ್ದ ಕಾಲದಲ್ಲಿ ಸರ್ಕಾರದ ಪ್ರೀತಿಯ ಕ್ಲಬ್ ಬಿಎಫ್‌ಸಿ ಡೈನಮೊ. ಅದರ ಬೆನ್ನಿಗೆ ಗುಪ್ತ ಪೊಲೀಸರಾದ ಸ್ಟಾಸಿಯೇ ಇತ್ತು. ಕಾರ್ಖಾನೆ ಕೆಲಸಗಾರರ ಕ್ಲಬ್ ಆಗಿದ್ದ ಯೂನಿಯನ್‌ಗೆ ಅಂಥ ಬೆಂಬಲ ಇರಲಿಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೂ ಕಷ್ಟ ತೀರಲಿಲ್ಲ. 2004ರಲ್ಲಿ ಕ್ಲಬ್ ಉಳಿಸಲು ದುಡ್ಡು ಬೇಕಾಯಿತು. ಅಭಿಮಾನಿಗಳು ರಕ್ತದಾನ ಮಾಡಿ, ಅದರಿಂದ ಬಂದ ಹಣವನ್ನು ಕ್ಲಬ್‌ಗೆ ಕೊಟ್ಟರು. ನಾಲ್ಕು ವರ್ಷದ ನಂತರ ಸ್ಟೇಡಿಯಂ ದುರಸ್ತಿಗೆ ದುಡ್ಡಿಲ್ಲ ಅಂದಾಗ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ತಾವೇ ಬಂದು ಗಾರೆ ಕಲಸಿದರು, ಕಬ್ಬಿಣ ಹೊತ್ತರು, ಮೆಟ್ಟಿಲು ಕಟ್ಟಿದರು. ಒಟ್ಟು 1,40,000 ಗಂಟೆ ಕೆಲಸ, ಕೂಲಿಯಿಲ್ಲದೆ. ನಾನು ನಿಲ್ಲುವ ಮೆಟ್ಟಿಲನ್ನು ಕಟ್ಟಿದವರು ನನ್ನ ಪಕ್ಕದಲ್ಲೇ ನಿಂತಿರುತ್ತಾರೆ. ಬೇರೆ ಊರಿನಿಂದ ಬಂದ ನನ್ನಂಥವನಿಗೆ ಅವರು ಮೊದಲು ಕಲಿಸಿದ್ದು ಮೂರು ವಿಷಯ: ನಮ್ಮ ಆಟಗಾರರಿಗೆ ಸಿಳ್ಳೆ ಹಾಕಿ ಅವಮಾನ ಮಾಡಬಾರದು. ಸೋಲಿಗೆ ಒಬ್ಬನನ್ನು ಹಿಡಿದು ಬೈಯಬಾರದು. ಕೊನೆಯ ವಿಷಲ್‌ವರೆಗೆ ಹೊರಗೆ ಹೋಗಬಾರದು.

ಈ ಕ್ಲಬ್ ಬುಂಡೆಸ್‌ಲಿಗಾಗೆ ಬಂದದ್ದೇ 2019ರಲ್ಲಿ. ಮೂರು ವರ್ಷದಲ್ಲಿ ಮೊದಲ ಸ್ಥಾನ!

ಸೆಪ್ಟೆಂಬರ್ 18ಕ್ಕೆ ವುಲ್ಫ್ಸ್‌ಬರ್ಗ್ ಬಂತು. ಟೇಬಲ್ ತುದಿಯಲ್ಲಿ ಕೂತು ಮನೆಯಲ್ಲಿ ಆಡಿದ ಮೊದಲ ಪಂದ್ಯ. ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಒಬ್ಬೊಬ್ಬ ಆಟಗಾರನ ಹೆಸರು ಹೇಳುತ್ತಾರೆ. ಪ್ರತಿ ಹೆಸರಿಗೂ ಇಡೀ ಸ್ಟೇಡಿಯಂ "ಫುಟ್‌ಬಾಲ್ ದೇವರು" ಅಂತ ಕೂಗುತ್ತದೆ. ಸ್ಟಾರ್ ಆದರೂ ಅಷ್ಟೇ, ಬೆಂಚಿನಲ್ಲಿ ಕೂರುವವನಾದರೂ ಅಷ್ಟೇ. ಒಂದು ಮೂಲೆಯಲ್ಲಿ ಹಳೇ ಸ್ಕೋರ್‌ಬೋರ್ಡ್ ಮನೆ ಇನ್ನೂ ಇದೆ. ಅದರಲ್ಲಿ ಅಂಕಿಯ ಹಲಗೆಯನ್ನು ಕೈಯಿಂದಲೇ ಬದಲಾಯಿಸುತ್ತಾರೆ. ಜೋರ್ಡನ್ ಸೀಬಾಚೂ ಗೋಲ್ ಹೊಡೆದಾಗ ಸೊನ್ನೆ ತೆಗೆದು ಒಂದು ಹಾಕಿದರು. ಬೆಕರ್ ಹೊಡೆದಾಗ ಒಂದು ತೆಗೆದು ಎರಡು. ನನ್ನ ಮುಂದೆ ನಿಂತಿದ್ದ ಅಜ್ಜ ಒಬ್ಬರು ಆಟ ಬಿಟ್ಟು ಆ ಹಲಗೆಯನ್ನೇ ನೋಡುತ್ತಿದ್ದರು. 2-0.

ಈಗ ನಿಮಗೆ ಬೇಕಾದ ಲೆಕ್ಕ. 7 ಪಂದ್ಯ, 5 ಗೆಲುವು, 2 ಡ್ರಾ, 17 ಅಂಕ. 15 ಗೋಲ್ ಹೊಡೆದಿದ್ದೆವು, ಬಿಟ್ಟುಕೊಟ್ಟಿದ್ದು ಬರೀ 4. ಈ ಕೊನೆಯ ಅಂಕಿಯನ್ನೇ ನಾನು ಜಾಸ್ತಿ ನಂಬುತ್ತೇನೆ. ಸ್ಟ್ರೈಕರ್‌ಗೆ ನಾಲ್ಕು ವಾರ ಹೊಡೆದದ್ದೆಲ್ಲ ಗೋಲ್ ಆಗಬಹುದು, ಆಮೇಲೆ ಎರಡು ತಿಂಗಳು ಏನೂ ಆಗದಿರಬಹುದು. ಅದು ಮಳೆಯ ಹಾಗೆ. ಗೋಲ್ ತಡೆಯುವುದು ಹಾಗಲ್ಲ. ಹನ್ನೊಂದು ಜನ ವಾರಗಟ್ಟಲೆ ಅಭ್ಯಾಸ ಮಾಡಿ ಕಲಿತ ಕೆಲಸ ಅದು, ಒಂದು ಕೆಟ್ಟ ದಿನಕ್ಕೆ ಮರೆತುಹೋಗುವುದಿಲ್ಲ. ಇನ್ನೊಂದು: ಆ ಗೆಲುವುಗಳು ಒಂದೇ ಥರ ಇರಲಿಲ್ಲ. ಒಂದರಲ್ಲಿ ಆರು ಗೋಲ್, ಇನ್ನೊಂದರಲ್ಲಿ ದಣಿದ ಕಾಲಲ್ಲಿ ಕಾಯ್ದುಕೊಂಡ ಒಂದೇ ಗೋಲ್. ಮೂರನೆಯದು: ಎದುರಾಳಿಗಳು. ಮೊದಲ ಐದರಲ್ಲೇ ಲೈಪ್‌ಜಿಗ್ ಮತ್ತು ಬಾಯರ್ನ್ ಮುಗಿದಿದ್ದವು.

ಆಮೇಲೆ ಸೋಲು ಬಂತು, ಬರಲೇಬೇಕಲ್ವಾ. ಎಂಟನೇ ಪಂದ್ಯದಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ 0-2. ಮುಂದಿನ ವಾರವೇ ಸ್ಟುಟ್‌ಗಾರ್ಟ್‌ನಲ್ಲಿ 1-0 ಗೆದ್ದೆವು, ಅದರ ಮುಂದಿನ ವಾರ ಡಾರ್ಟ್‌ಮಂಡ್ ಮೇಲೆ 2-0. ಗ್ಲಾಡ್‌ಬಾಖ್ ಎದುರು ಡೂಕಿ ಹೆಚ್ಚುವರಿ ಸಮಯದ ಕೊನೆಯಲ್ಲಿ ಹೆಡ್ ಮಾಡಿದ ಗೋಲ್‌ಗೆ ನಾನು ಯಾರನ್ನು ಅಪ್ಪಿಕೊಂಡೆನೋ ಈಗಲೂ ಹೆಸರು ಗೊತ್ತಿಲ್ಲ. ನವೆಂಬರ್‌ನಲ್ಲಿ ಮಾತ್ರ ದಣಿವು ಕಾಣಿಸಿತು. ಲೆವರ್ಕೂಸೆನ್‌ನಲ್ಲಿ 0-5, ಫ್ರೈಬರ್ಗ್‌ನಲ್ಲಿ 1-4. ಮೊದಲ ಸ್ಥಾನ ಹೋಯಿತು. "ನೋಡಿದಿರಾ, ಗಾಳಿ ಇಳಿಯಿತು" ಅಂತ ಪತ್ರಿಕೆಗಳಿಂದ ಹಿಡಿದು ಆಫೀಸಿನವರೆಗೆ ಎಲ್ಲರೂ ಅಂದರು.

ಇಳಿದಿರಲಿಲ್ಲ. ವರ್ಲ್ಡ್ ಕಪ್ ಬಿಡುವು ಮುಗಿದ ಮೇಲೆ ಸತತ ಐದು ಪಂದ್ಯ ಗೆದ್ದೆವು. ಲೀಗ್‌ನಲ್ಲಿ ಇಡೀ ಸೀಸನ್ ನಮ್ಮ ಸ್ಟೇಡಿಯಂನಲ್ಲಿ ಒಬ್ಬರಿಗೂ ನಮ್ಮನ್ನು ಸೋಲಿಸಲು ಆಗಲಿಲ್ಲ. ಕೊನೆಯ ದಿನ, 2023ರ ಮೇ 27ರಂದು, ವೆರ್ಡರ್ ಬ್ರೆಮೆನ್ ಎದುರು ರಾನಿ ಖೆದಿರಾ ಹೊಡೆದ ಒಂದು ಗೋಲ್‌ನಿಂದ 1-0. ನಾಲ್ಕನೇ ಸ್ಥಾನ, 62 ಅಂಕ, ಚಾಂಪಿಯನ್ಸ್ ಲೀಗ್. ಬುಂಡೆಸ್‌ಲಿಗಾಗೆ ಬಂದದ್ದೂ ನಾಲ್ಕು ವರ್ಷದ ಹಿಂದೆ ಅದೇ ಮೇ 27ಕ್ಕೆ.

ಐದನೇ ಸ್ಥಾನದಲ್ಲಿದ್ದ ಫ್ರೈಬರ್ಗ್‌ಗೆ 59 ಅಂಕ. ಅಂದರೆ ಅಂತರ ಮೂರೇ, ಒಂದು ಗೆಲುವಿನಷ್ಟು. ಈಗ ಕೊಲೋನ್‌ನ ಆ 1-0 ನೆನಪಿಸಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಅದನ್ನು ಯಾರೂ ದೊಡ್ಡ ಗೆಲುವು ಅನ್ನಲಿಲ್ಲ. ಆದರೆ ಅಲ್ಲಿ ಬಂದ ಮೂರು ಅಂಕ ಮೇ ತಿಂಗಳಲ್ಲೂ ಮೂರೇ ಅಂಕ. ನಿಮ್ಮ ಸ್ನೇಹಿತರಿಗೆ ಇದನ್ನು ಹೇಳಿ. 34 ಪಂದ್ಯಗಳಲ್ಲಿ ಯಾವುದಕ್ಕೂ ಕಡಿಮೆ ಬೆಲೆ ಇಲ್ಲ. ಆಗಸ್ಟ್‌ನಲ್ಲಿ ಗಳಿಸಿದ್ದನ್ನು ಯಾರೂ ವಾಪಸ್ ಕೇಳುವುದಿಲ್ಲ.

ಇನ್ನು ಎರಡನೇ ಕಥೆ. 2023-24. ಮೊದಲ ಪಂದ್ಯ ಮೈಂಜ್ ಮೇಲೆ 4-1, ಕೆವಿನ್ ಬೆಹ್ರೆನ್ಸ್ ಮೂರು ಗೋಲ್. ಎರಡನೆಯದು ಡಾರ್ಮ್‌ಸ್ಟಾಟ್‌ನಲ್ಲಿ, ಅದೂ 4-1. ಎಂಟು ಗೋಲ್, ಆರು ಅಂಕ. ಇಟಲಿಯ ಬೊನುಚಿಯಂಥ ದೊಡ್ಡ ಹೆಸರು ಕೂಡ ಬಂತು. ಆದರೆ ಹತ್ತಿರದಿಂದ ನೋಡಿದರೆ ಬೇರೆಯೇ ಕಾಣುತ್ತಿತ್ತು. ಮೈಂಜ್ ಆವತ್ತು ಎರಡು ಪೆನಾಲ್ಟಿ ಹಾಳು ಮಾಡಿಕೊಂಡಿತ್ತು. ಡಾರ್ಮ್‌ಸ್ಟಾಟ್ ಆಗಷ್ಟೇ ಕೆಳಗಿನಿಂದ ಬಂದ ತಂಡ, ಸೀಸನ್ ಮುಗಿಯುವಾಗ ಕಟ್ಟಕಡೆಯ ಸ್ಥಾನದಲ್ಲಿತ್ತು. ಮೂರನೇ ಪಂದ್ಯಕ್ಕೆ ಲೈಪ್‌ಜಿಗ್ ನಮ್ಮಲ್ಲಿಗೇ ಬಂದು 3-0 ಹೊಡೆದು ಹೋಯಿತು. ಅಲ್ಲಿಂದ ಲೀಗ್‌ನಲ್ಲಿ ಸತತ ಒಂಬತ್ತು ಸೋಲು. ನಡುವೆ ಚಾಂಪಿಯನ್ಸ್ ಲೀಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಊರಿಗೇ ಹೋಗಿ ಅವರ ವಿರುದ್ಧ ಪೂರ್ತಿ 90 ನಿಮಿಷ ತಡೆದು ನಿಂತು, ಹೆಚ್ಚುವರಿ ಸಮಯದಲ್ಲಿ ಬೆಲಿಂಗ್‌ಹ್ಯಾಮ್ ಗೋಲ್‌ಗೆ ಸೋತೆವು. ನವೆಂಬರ್‌ನಲ್ಲಿ ಉರ್ಸ್ ಫಿಷರ್ ಹೊರಟರು. ಸೋತ ಪಂದ್ಯಗಳ ಕೊನೆಯಲ್ಲೂ ನಮ್ಮ ಮೆಟ್ಟಿಲುಗಳು ತುಂಬಿಯೇ ಇದ್ದವು, ಹಾಡು ನಿಲ್ಲಲಿಲ್ಲ. ಕೊನೆಯ ದಿನ ಫ್ರೈಬರ್ಗ್ ಎದುರು ಹೆಚ್ಚುವರಿ ಸಮಯದಲ್ಲಿ ಹಾಬೆರರ್ ಹೊಡೆದ ಗೋಲ್‌ನಿಂದ 2-1. ಹದಿನೈದನೇ ಸ್ಥಾನ, 33 ಅಂಕ. ಡಿವಿಷನ್‌ನಲ್ಲಿ ಉಳಿದುಕೊಂಡೆವು. ಆ ಸೀಸನ್‌ನಲ್ಲೂ ಶುರುವಿನ ಆರು ಅಂಕ ಇಲ್ಲದಿದ್ದರೆ 27 ಅಂಕಕ್ಕೆ ನಿಲ್ಲುತ್ತಿದ್ದೆವು, ಕೆಳಗೆ ಬೀಳುವ ಭಯ ಇರುತ್ತಿತ್ತು.

ಆರಂಭವೇ ಪೂರ್ತಿ ಸೀಸನ್ ಆಗುವುದೂ ಉಂಟು. ಅದೇ ವರ್ಷ ಶಾಬಿ ಅಲೊನ್ಸೊ ಕೋಚ್ ಆಗಿದ್ದ ಲೆವರ್ಕೂಸೆನ್ ಮೊದಲ 11 ಪಂದ್ಯಗಳಲ್ಲಿ 31 ಅಂಕ ಗಳಿಸಿತು. ಏಪ್ರಿಲ್ 14ಕ್ಕೆ ಬ್ರೆಮೆನ್ ಮೇಲೆ 5-0 ಗೆದ್ದು ಮೊದಲ ಸಲ ಚಾಂಪಿಯನ್ ಆಯಿತು, ಲೀಗ್‌ನಲ್ಲಿ ಒಂದೂ ಪಂದ್ಯ ಸೋಲದೆ. ಅವರು ನಾಲ್ಕನೇ ಪಂದ್ಯದಲ್ಲೇ ಮ್ಯೂನಿಕ್‌ಗೆ ಹೋಗಿ 2-2 ಮಾಡಿ ಬಂದಿದ್ದರು. ಗಟ್ಟಿ ತಂಡದ ಗುರುತು ಅಲ್ಲೇ ಸಿಕ್ಕಿತ್ತು.

ಹಾಗಾಗಿ ನಿಮ್ಮ ತಂಡದ ಆರು ಪಂದ್ಯ ತೆಗೆದು ನೋಡಿ. ಎಷ್ಟು ಗೋಲ್ ಬಿಟ್ಟುಕೊಟ್ಟಿದ್ದಾರೆ? ಆರಕ್ಕೆ ಐದರ ಒಳಗಿದ್ದರೆ ನಾನಂತೂ ತುಂಬಾ ಖುಷಿಪಡುತ್ತೇನೆ. ಮೇಲಿನ ಐದಾರು ತಂಡಗಳಲ್ಲಿ ಯಾರ ಜೊತೆಗಾದರೂ ಆಡಿದ್ದಾರಾ? ಕೆಟ್ಟದಾಗಿ ಆಡಿಯೂ ಗೆದ್ದ ಒಂದು ಪಂದ್ಯ ಇದೆಯಾ? ಮೊದಲ ಸೋಲು ಬಂದಾಗ ಆ ಪಂದ್ಯಕ್ಕಿಂತ ಅದರ ಮುಂದಿನದನ್ನು ಗಮನವಿಟ್ಟು ನೋಡಿ. ಮತ್ತೆ, ನಿಮ್ಮ ಕ್ಲಬ್ ಮೇಲಿರುವಾಗಿನ ಟೇಬಲ್‌ನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನನ್ನ ಅಡುಗೆಮನೆ ಗೋಡೆಯ ಮೇಲೆ 2022ರ ಏಳನೇ ಪಂದ್ಯದ ನಂತರದ ಟೇಬಲ್ ಈಗಲೂ ಇದೆ.

ಯಾವ ಕ್ಲಬ್ ಅಂತ ನೀವು ಬರೆದಿಲ್ಲ. ಏಳನೇ ಪಂದ್ಯ ಯಾರ ಜೊತೆ, ಮನೆಯಲ್ಲಾ ಹೊರಗಾ? ತಿಳಿಸಿ. ನಿಮ್ಮಲ್ಲಿ ಸಂಜೆ 7ಕ್ಕೆ ಬರುವ ಶನಿವಾರದ ಪಂದ್ಯ ಆಗಿದ್ದರೆ, ಆವತ್ತು ಯೂನಿಯನ್ ಆಟ ಇಲ್ಲದಿದ್ದರೆ, ನಾನೂ ನೋಡುತ್ತೇನೆ.