ಬಂಪರಿಗೆ ವಿಂಚ್ ವೆಲ್ಡ್ ಮಾಡಿಸಬಹುದಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ ಇದೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಗಾಡಿ ಹೂತುಹೋಗುವುದು ಮಾಮೂಲು. ಹೋದ ಸಲ ಟ್ರ್ಯಾಕ್ಟರ್ ಬರುವವರೆಗೆ ಮೂರು ಗಂಟೆ ಮಳೆಯಲ್ಲಿ ಕೂತಿದ್ದೆ. ಅದಕ್ಕೇ 9500 ಪೌಂಡ್ ಎಳೆಯುವ ವಿಂಚ್ (ಹಗ್ಗ ಸುತ್ತಿಕೊಂಡು ಹೂತ ಗಾಡಿಯನ್ನು ಎಳೆಯುವ ಮೋಟಾರು ಯಂತ್ರ) ತರಿಸಿದ್ದೇನೆ. ಗಾಡಿ 2021ರ ಥಾರ್. ಪೇಟೆಯ ವೆಲ್ಡಿಂಗ್ ಅಂಗಡಿಯವರು ಬಂಪರ್ ಹಿಂದಿನ ಪಟ್ಟಿಗೆ ಎರಡು ಆಂಗಲ್ ವೆಲ್ಡ್ ಮಾಡಿ, ಮೇಲೊಂದು ಪ್ಲೇಟ್ ಕೂರಿಸಿಕೊಡುತ್ತೇನೆ ಅನ್ನುತ್ತಾರೆ. ಪಕ್ಕದ ಎಸ್ಟೇಟಿನ ಹಳೇ ಜೀಪಿಗೂ ಹೀಗೇ ಮಾಡಿದ್ದಾರಂತೆ. ಮಾಡಿಸಬಹುದಾ?

ಉತ್ತರ: ಬೇಡ. ಪಕ್ಕದವರ ಹಳೇ ಜೀಪಿನ ಕಥೆಯೇ ಬೇರೆ. ಅದರ ಬಂಪರ್ ದಪ್ಪ ಕಬ್ಬಿಣದ ಚಾನಲ್ಲು, ನೇರ ಚಾಸಿಗೇ, ಅಂದರೆ ಗಾಡಿಯ ತಳದ ಕಬ್ಬಿಣದ ಚೌಕಟ್ಟಿಗೇ, ಬೋಲ್ಟ್ ಆಗಿರುತ್ತದೆ. ನಿಮ್ಮ ಥಾರ್‌ನಲ್ಲಿ ಕಣ್ಣಿಗೆ ಕಾಣುವ ಬಂಪರ್ ಪ್ಲಾಸ್ಟಿಕ್ಕು. ಅದರ ಹಿಂದಿನ ಪಟ್ಟಿ ಇರುವುದು ಡಿಕ್ಕಿಯಾದಾಗ ಏಟು ತಿನ್ನಲಿಕ್ಕೆ. ಅದಕ್ಕೆ ಹಿಂದಕ್ಕೆ ತಳ್ಳಿಸಿಕೊಂಡು ಗೊತ್ತು, ಮುಂದಕ್ಕೆ ಎಳೆಸಿಕೊಂಡು ಗೊತ್ತಿಲ್ಲ.

ಎಳೆತ ಎಷ್ಟಿರುತ್ತದೆ ನೋಡಿ. 9500 ಪೌಂಡ್ ಅಂದರೆ ಸುಮಾರು 4300 ಕಿಲೋ. ಎರಡು ಥಾರ್‌ಗಳನ್ನು ಮುಂದಿನ ಪ್ಲೇಟಿಗೆ ನೇತುಹಾಕಿದ ಹಾಗೆ. ಅದೂ ನೇರವಾಗಿ ಎಳೆದರೆ. ತೋಟದಲ್ಲಿ ಮರ ಯಾವತ್ತೂ ಗಾಡಿಯ ಎದುರಿಗೇ ಸಿಗುವುದಿಲ್ಲ, ಅಲ್ವಾ? ಓರೆಯಾಗಿ ಎಳೆದಾಗ ಭಾರವೆಲ್ಲ ಒಂದೇ ಬದಿಗೆ ಬೀಳುತ್ತದೆ. ನಾನು ಒಮ್ಮೆ 4 ಮಿ.ಮೀ. ಪ್ಲೇಟಿನ ಮೌಂಟ್ (ವಿಂಚನ್ನು ಗಾಡಿಗೆ ಹಿಡಿದಿಡುವ ಚೌಕಟ್ಟು) ಒಂದನ್ನು ಬಿಚ್ಚಿದ್ದೆ. ಎಡಗಡೆ ಮೂಲೆ ಮಸಾಲೆ ದೋಸೆ ಮಡಚಿದ ಹಾಗೆ ಮಡಚಿಕೊಂಡಿತ್ತು. ವಿಂಚಿಗೆ ಒಂದು ಗೀರೂ ಆಗಿರಲಿಲ್ಲ.

ಹಾಗಾಗಿ ಮೌಂಟ್ ಎರಡೂ ಬದಿಯ ಚಾಸಿಗೆ ಕೂರಬೇಕು, ವೆಲ್ಡಿಂಗಲ್ಲಿ ಅಲ್ಲ, ಬೋಲ್ಟಲ್ಲಿ. ನಿಮ್ಮ ಮಾಡೆಲ್ಲಿಗೇ ಅಂತ ಮಾಡಿದ, ಬಂಪರ್ ಹಿಂದೆ ಅಡಗಿ ಕೂರುವ ಮೌಂಟ್ ಸಿಕ್ಕರೆ ಅದನ್ನೇ ತನ್ನಿ. ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳನ್ನೇ ಬಳಸುವಂಥದ್ದು ಇನ್ನೂ ಒಳ್ಳೆಯದು. ಪ್ಲೇಟ್ 6 ಮಿ.ಮೀ.ಗಿಂತ ತೆಳ್ಳಗಿರಬಾರದು.

ಹೊಸ ತೂತು ಕೊರೆಯಲೇಬೇಕಾದರೆ ಒಂದು ಸೂಕ್ಷ್ಮ ಇದೆ. ಅಂಗಡಿಯವರು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. ಚಾಸಿಯ ಒಳಗೆ ಟೊಳ್ಳು. ಈ ಕಡೆಯಿಂದ ಆ ಕಡೆಗೆ ಉದ್ದ ಬೋಲ್ಟ್ ಹಾಕಿ ಬಿಗಿದರೆ ಎರಡೂ ಗೋಡೆ ಒಳಕ್ಕೆ ತಗ್ಗುತ್ತವೆ. ಆ ಹೊತ್ತಿಗೆ ಬಿಗಿ ಅನ್ನಿಸುತ್ತದೆ, ನಾಲ್ಕು ಸಲ ಎಳೆದ ಮೇಲೆ ಬೋಲ್ಟು ಆಡಲು ಶುರುವಾಗುತ್ತದೆ. ಅದಕ್ಕೇ ಒಳಗಿನ ಅಗಲಕ್ಕೆ ಸರಿಯಾಗಿ ಒಂದು ದಪ್ಪ ಪೈಪ್ ತುಂಡು ಕತ್ತರಿಸಿ, ಬೋಲ್ಟು ಅದರೊಳಗಿಂದ ಹಾದುಹೋಗುವ ಹಾಗೆ ಮಾಡಬೇಕು. ಆಗ ಬಿಗಿತವನ್ನು ಪೈಪ್ ತಡೆದುಕೊಳ್ಳುತ್ತದೆ, ಚಾಸಿಯ ಗೋಡೆ ಹಾಗೇ ಉಳಿಯುತ್ತದೆ.

ಬೋಲ್ಟಿನ ತಲೆ ಮೇಲೆ 8.8 ಅಂತ ಅಚ್ಚು ಇದೆಯಾ ನೋಡಿಕೊಳ್ಳಿ, ಅದು ಬೋಲ್ಟಿನ ಗಟ್ಟಿತನದ ಗುರುತು. ತುಕ್ಕು ಹಿಡಿಯಲ್ಲ ಅಂತ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಹಾಕಿಸಿಕೊಳ್ಳುವವರಿದ್ದಾರೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಟೇನ್‌ಲೆಸ್ 8.8ರಷ್ಟು ಗಟ್ಟಿ ಅಲ್ಲ. ವಿಂಚನ್ನು ಪ್ಲೇಟಿಗೆ ಹಿಡಿದಿಡುವ ನಾಲ್ಕು ಬೋಲ್ಟುಗಳ ಉದ್ದವೂ ಮುಖ್ಯ. ಉದ್ದ ಜಾಸ್ತಿಯಾದರೆ ತುದಿ ಒಳಗೆ ತಳ ಮುಟ್ಟಿ ನಿಲ್ಲುತ್ತದೆ. ಸ್ಪ್ಯಾನರ್ ಬಿಗಿ ತೋರಿಸುತ್ತದೆ, ಪ್ಲೇಟು ಮಾತ್ರ ಸಡಿಲವೇ. ನಿಮ್ಮ ಅಳತೆಯ ವಿಂಚುಗಳಲ್ಲಿ ಈ ನಾಲ್ಕು ತೂತುಗಳ ನಡುವಿನ ಅಂತರ ಸಾಮಾನ್ಯವಾಗಿ 254 ಮತ್ತು 114.3 ಮಿ.ಮೀ. ಇರುತ್ತದೆ. ಪ್ಲೇಟ್ ಕೊಳ್ಳುವ ಮುಂಚೆ ಟೇಪ್ ಹಿಡಿದು ನೋಡಿ. ಮೊದಲ ಸಲ ಎಳೆದಾದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿಯಿರಿ.

ಕೊನೆಯ ಸಲ ಬಿಗಿಯುವ ಮುನ್ನ ಹಗ್ಗ ಸುತ್ತುವ ಡ್ರಮ್ಮನ್ನು ಬಿಡಿಸುವ ಕ್ಲಚ್ ಲಿವರ್ ಕೈಗೆ ಸಿಗುತ್ತದಾ, ಪೂರ್ತಿ ತಿರುಗುತ್ತದಾ ನೋಡಿ. ನಗಬೇಡಿ, ನಾನೇ ಮೊದಲ ಸಲ ಇದನ್ನು ನೋಡದೆ ಫಿಟ್ ಮಾಡಿದ್ದೆ. ಶೆಡ್ಡಿನಲ್ಲಿ ಎಲ್ಲ ಚೆನ್ನಾಗಿತ್ತು. ಗಾಡಿ ಹೂತ ದಿನ ನೋಡಿದರೆ ಲಿವರ್ ಗ್ರಿಲ್ಲಿಗೆ ತಾಗಿ ಅರ್ಧಕ್ಕೇ ನಿಂತಿತು. ಕೆಸರಲ್ಲಿ ಅಂಗಾತ ಮಲಗಿ, ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದ್ದಾಯ್ತು. ಮುಖದ ಮೇಲೆ ಚಾಸಿಯ ನೀರು ಬೇರೆ. ಹೆಚ್ಚಿನ ವಿಂಚುಗಳಲ್ಲಿ ಗೇರ್‌ಬಾಕ್ಸನ್ನು ಬಿಚ್ಚಿ ಬೇರೆ ಕೋನದಲ್ಲಿ ಕೂರಿಸಬಹುದು. ಅದನ್ನು ಶೆಡ್ಡಿನಲ್ಲೇ ಮಾಡಿಕೊಳ್ಳಿ.

ಗಾಡಿ ಮೇಲೆ ಎಲ್ಲೇ ವೆಲ್ಡಿಂಗ್ ಮಾಡಿಸಿದರೂ ಮೊದಲು ಬ್ಯಾಟರಿ ವೈರ್ ಕಳಚಿಸಿ. ನಿಮ್ಮದು ಏರ್‌ಬ್ಯಾಗ್ ಇರುವ ಗಾಡಿ, ಎಲೆಕ್ಟ್ರಾನಿಕ್ಸ್ ಸುಟ್ಟರೆ ವಿಂಚಿಗಿಂತ ದುಬಾರಿ. ಏರ್‌ಬ್ಯಾಗಿನ ಸೆನ್ಸರ್ ಮತ್ತು ಅದರ ವೈರಿನ ತಂಟೆಗೆ ಹೋಗಬೇಡಿ. ಮೌಂಟ್ ಸಿಗಲಿಲ್ಲ ಅಂತ ಬುಲ್ ಬಾರ್ (ಗಾಡಿಯ ಮೂತಿಗೆ ಹಾಕುವ ಕಬ್ಬಿಣದ ಗಾರ್ಡ್) ಹಾಕಿಸಿ ಅದಕ್ಕೆ ವಿಂಚ್ ಕಟ್ಟುವ ಯೋಚನೆ ಇದ್ದರೆ ಅದನ್ನೂ ಬಿಡಿ. ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಗಾಡಿ ರಸ್ತೆಗೂ ಇಳಿಯುತ್ತದೆ ಅಂದಮೇಲೆ ಕೆಲಸ ಶುರು ಮಾಡುವ ಮುಂಚೆ ಆರ್‌ಟಿಒದಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಒಂದು ಮಾತು ಕೇಳಿಬಿಡಿ.

ಕರೆಂಟಿನ ವಿಷಯ: ಪೂರ್ತಿ ಭಾರ ಬಿದ್ದಾಗ ಈ ವಿಂಚ್ 400 ಆಂಪಿಯರ್ ಆಸುಪಾಸು ಎಳೆಯುತ್ತದೆ. ಜೊತೆಗೆ ಬಂದ ದಪ್ಪ ಕೇಬಲ್ಲೇ ಹಾಕಿ, ಉದ್ದ ಸಾಲದು ಅಂತ ತೆಳ್ಳಗಿನದನ್ನು ಜೋಡಿಸಬೇಡಿ. ನಡುವೆ ಒಂದು ಕಟ್-ಆಫ್ ಸ್ವಿಚ್ ಇರಲಿ. ಎಳೆಯುವಾಗ ಎಂಜಿನ್ ಆನ್ ಇರಲಿ.

ಪ್ರಶ್ನೆ: ವಿಂಚಿಗೆ ಸ್ಟೀಲ್ ರೋಪ್ ಒಳ್ಳೆಯದೋ, ಸಿಂಥೆಟಿಕ್ ಹಗ್ಗವೋ? (ಸೋಮವಾರಪೇಟೆಯ ಓದುಗರು)

ಉತ್ತರ: ನನ್ನ ಓಟು ಸಿಂಥೆಟಿಕ್ಕಿಗೆ. ಹಗುರ, ಕೈಗೆ ಮುಳ್ಳು ಚುಚ್ಚಲ್ಲ. ತುಂಡಾದರೂ ಸ್ಟೀಲಿನಷ್ಟು ಜೋರಾಗಿ ಚಾಟಿಯ ಹಾಗೆ ಬೀಸಲ್ಲ. ಆದರೆ ಆರೈಕೆ ಕೇಳುತ್ತದೆ. ಒಳಗೆ ಮಣ್ಣು ಸೇರಿದರೆ ಎಳೆಗಳನ್ನು ಕೊಯ್ಯುತ್ತದೆ, ಬಿಸಿಲಿಗೆ ಬಡವಾಗುತ್ತದೆ. ಕೆಸರಾದಾಗ ಬಿಚ್ಚಿ ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ. ಸ್ಟೀಲ್ ರೋಪ್ ಉಜ್ಜಿ ಗೀರು ಬಿದ್ದ ಹಳೇ ರೋಲರ್ ಮೇಲೆ ಇದನ್ನು ಓಡಿಸಬೇಡಿ. ಹಗ್ಗ ಹೊರಬರುವ ಬಾಯಿಗೆ ನುಣ್ಣನೆಯ ಅಲ್ಯೂಮಿನಿಯಂ ಫೇರ್‌ಲೀಡ್ ಹಾಕಿಸಿ. ಯಾವ ಹಗ್ಗವೇ ಆಗಲಿ, ಎಳೆಯುವಾಗ ಮೇಲೊಂದು ಒದ್ದೆ ಗೋಣಿಚೀಲ ಹೊದಿಸಿ, ಯಾರನ್ನೂ ಹತ್ತಿರ ಬಿಡಬೇಡಿ, ಹಗ್ಗ ದಾಟಲು ಅಂತೂ ಬಿಡಲೇಬೇಡಿ. ಮರಕ್ಕೆ ಅಗಲ ಬೆಲ್ಟ್ ಸುತ್ತಿ ಅದಕ್ಕೆ ಕೊಕ್ಕೆ ಹಾಕಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಬಿಟ್ಟು ಹಲಸೋ ನೇರಳೆಯೋ ಹುಡುಕಿ. ಬಳ್ಳಿ ಹರಿದರೆ ಮನೆಯಲ್ಲಿ ಬೈಸಿಕೊಳ್ಳುವುದು ನೀವೇ.

ಪ್ರಶ್ನೆ: ನನ್ನದು ಹಳೇ ಜಿಪ್ಸಿ. 12,000 ಪೌಂಡಿನ ವಿಂಚ್ ಕಡಿಮೆ ಬೆಲೆಗೆ ಸಿಗುತ್ತಿದೆ, ತಗೊಳ್ಳಲಾ?

ಉತ್ತರ: ಜಿಪ್ಸಿ ಬರೀ ಒಂದು ಟನ್ ಆಸುಪಾಸಿನ ಗಾಡಿ. ಸಾಮಾನು, ಜನ ಎಲ್ಲ ಸೇರಿದ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಸಾಕು. ನಿಮಗೆ 6000 ಪೌಂಡ್ ಧಾರಾಳ. ಅಷ್ಟು ದೊಡ್ಡದನ್ನು ಮೂತಿಗೆ ಕಟ್ಟಿದರೆ ಮುಂದಿನ ಸ್ಪ್ರಿಂಗ್ ಪಟ್ಟೆ ಕುಗ್ಗುತ್ತದೆ. ಉಳಿದ ದುಡ್ಡಲ್ಲಿ ಒಂದು ಸ್ನ್ಯಾಚ್ ಬ್ಲಾಕ್ ತಗೊಳ್ಳಿ. ಬಾವಿ ರಾಟೆಯಂಥದ್ದೇ ಅದು. ರಾಟೆಯನ್ನು ಮರಕ್ಕೆ ಕಟ್ಟಿ, ಹಗ್ಗ ಅದನ್ನು ಬಳಸಿ ವಾಪಸ್ ನಿಮ್ಮ ಗಾಡಿಯ ಚಾಸಿ ಕೊಕ್ಕೆಗೇ ಬಂದರೆ ಎಳೆತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ವೇಗ ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ.