ಮೇಷ್ಟ್ರೇ, ಶಾಸಕರಿಗೆ ಡಿಗ್ರಿ ಬೇಕಾ?

ಮೇಷ್ಟ್ರಿಗೆ ನಮಸ್ಕಾರ. ನಿಮ್ಮ ನಾಲ್ಕು ಪುಟದ ಕಾಗದ ತಲುಪ್ತು, ಎರಡು ಸಲ ಓದಿದೆ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ಸಾರಾಂಶ ಹೇಳ್ಬಿಡ್ತೀನಿ. ಇವರು ಅರಸೀಕೆರೆ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಅಟೆಂಡರ್ ಕೆಲಸಕ್ಕೂ ಮಾರ್ಕ್ಸ್ ಕಾರ್ಡ್ ಕೇಳ್ತಾರೆ ಶಾಸಕನಿಗೆ ಮಾತ್ರ ಯಾಕಿಲ್ಲ, ಎಲ್ಲೂ ಸಲ್ಲದ ದಡ್ಡರೆಲ್ಲ ರಾಜಕೀಯಕ್ಕೆ ಬರ್ತಾರೆ, ಅದಕ್ಕೇ ಡಿಗ್ರಿ ಕಡ್ಡಾಯ ಮಾಡಿ ಅಂತ ಇವರ ವಾದ. ಕೊನೇಲಿ ಒಂದು ಸವಾಲು ಬೇರೆ: ಪ್ರೊಫೆಸರ್‌ಗಳು ಜಗತ್ತಿನ ಎಲ್ಲದ್ರ ಮೇಲೂ ರಿಸರ್ಚ್ ಮಾಡ್ತಾರಲ್ಲ, ರಾಜಕಾರಣಿಗಳ ಯೋಗ್ಯತೆ ಮೇಲೆ ಯಾರೂ ಮಾಡಿಲ್ವಾ?

ಮಾಡಿದಾರೆ ಮೇಷ್ಟ್ರೇ, ರಾಶಿ ಮಾಡಿದಾರೆ. ನಿಮ್ಮ ಪರವಾಗಿರೋ ಸಾಕ್ಷಿನೇ ಮೊದಲು ಹೇಳ್ತೀನಿ, ಆಮೇಲೆ ಸಂಪಾದಕ ಬಚ್ಚಿಟ್ಟ ಅನ್ಬೇಡಿ. ತಿಮೋತಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಅಂತ ಮೂವರು ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳ ಹಳ್ಳಿಗಳಲ್ಲಿ ಮನೆಮನೆ ಸರ್ವೆ ಮಾಡಿಸಿದ್ರು. ಅವರು ನೋಡಿದ್ದು ಬಹಳ ಸಿಂಪಲ್ ವಿಷಯ, ಪಂಚಾಯ್ತಿ ಮೆಂಬರ್ ಮನೇಲಿ ಬಿಪಿಎಲ್ ಕಾರ್ಡ್ ಇದ್ಯಾ ಅಂತ. ಊರಲ್ಲಿ ಯಾರ ಮನೆ ಸ್ಥಿತಿ ಏನು ಅಂತ ಎಲ್ರಿಗೂ ಗೊತ್ತಿರುತ್ತೆ, ಆದ್ರೂ ಗೆದ್ದೋರ ಮನೇಲಿ ಕಾರ್ಡ್ ಸ್ವಲ್ಪ ಜಾಸ್ತಿನೇ ಸಿಕ್ತು. ಓದಿದ ಮೆಂಬರ್‌ಗಳು ಮಾತ್ರ ಇಂಥ ಕೈಚಳಕ ಕಮ್ಮಿ ಮಾಡಿದ್ರು. ಜಮೀನು, ರಾಜಕೀಯ ಮನೆತನ ಇವೆಲ್ಲ ಗೆಲ್ಲೋಕೆ ಸಹಾಯ ಮಾಡ್ತಿತ್ತೇ ಹೊರತು ಗೆದ್ದಮೇಲೆ ನಡತೆ ಬದಲಾಯಿಸ್ತಿರ್ಲಿಲ್ಲ. ಆದ್ರೆ ಅದೇ ಸ್ಟಡಿಲಿ ಇನ್ನೊಂದು ಸಾಲಿದೆ: ಯಾವ ಊರಲ್ಲಿ ಜನಕ್ಕೆ ಮಾಹಿತಿ ಚೆನ್ನಾಗಿ ಮುಟ್ತಿತ್ತೋ ಅಲ್ಲೂ ಈ ಚಾಳಿ ಕಮ್ಮಿ. ನನ್ನ ಕಣ್ಣು ನಿಂತಿದ್ದು ಆ ಸಾಲಿನ ಮೇಲೆ.

ದಡ್ಡರೇ ರಾಜಕೀಯಕ್ಕೆ ಬರೋದು ಅಂತೀರಲ್ಲ, ಅದು ಎಲ್ಲಾ ಕಡೆ ನಿಜ ಅಲ್ಲ. ಸ್ವೀಡನ್‌ನಲ್ಲಿ ಹಿಂದೆ ಗಂಡುಮಕ್ಕಳಿಗೆಲ್ಲ ಸೇನೆ ಭರ್ತಿಗೆ ಬುದ್ಧಿ ಪರೀಕ್ಷೆ ಇರ್ತಿತ್ತು, ಆ ಹಳೇ ಅಂಕಗಳನ್ನ ತೆಗೆದು ನೋಡಿದ್ರೆ ರಾಜಕಾರಣಿಗಳು ಸರಾಸರಿ ಜನಕ್ಕಿಂತ ಮುಂದೆ, ಒಡಹುಟ್ಟಿದ ಅಣ್ಣತಮ್ಮಂದಿರಿಗಿಂತಲೂ ಮುಂದೆ. ಸರಿ, ಅದು ಸ್ವೀಡನ್, ಬಿಡಿ.

ನೀವು ಹೇಳೋ ಕಾನೂನನ್ನ ಹರಿಯಾಣ ಮಾಡಿ ನೋಡಿದೆ. 2015ರಲ್ಲಿ ಪಂಚಾಯ್ತಿ ಚುನಾವಣೆಗೆ ನಿಲ್ಲೋಕೆ ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೇ ಕ್ಲಾಸ್, ಹೆಂಗಸರಿಗೆ ಎಂಟು, ಬರೀ ಮೆಂಬರ್ ಸ್ಥಾನಕ್ಕೆ ನಿಲ್ಲೋ ದಲಿತ ಹೆಂಗಸರಿಗೆ ಐದು ಅಂತ ಮಾಡಿದ್ರು, ಮನೇಲಿ ಟಾಯ್ಲೆಟ್ ಇರಬೇಕು, ಕರೆಂಟ್ ಬಿಲ್ ಬಾಕಿ ಇರಬಾರ್ದು ಅಂತಾನೂ ಸೇರಿಸಿದ್ರು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಸರಿ ಅಂತು. ಈಗ ಹೇಳಿ, ಹೊರಗುಳಿದೋರು ಯಾರು? ನಿಮ್ಮ ಕ್ಲಾಸಲ್ಲಿ ಏಳನೇದಕ್ಕೇ ಬಿಟ್ಟು ಕೂಲಿಗೆ ಹೋದ ಹುಡುಗಿ. ಲೂಟಿಕೋರನ ಹತ್ರ ಸರ್ಟಿಫಿಕೇಟ್ ಇದ್ದೇ ಇರುತ್ತೆ.

ಅದೇ ಹುಡುಗಿ ಅಧ್ಯಕ್ಷೆ ಆದ್ರೆ ಏನಾಗುತ್ತೆ ಅಂತಾನೂ ಸ್ಟಡಿ ಇದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ಮೂರರಲ್ಲಿ ಒಂದು ಪಂಚಾಯ್ತಿ ಹೆಂಗಸರಿಗೆ ಮೀಸಲು ಆಗಿತ್ತು, ರಾಘಬೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೋ ಇಬ್ರೂ ಮೀಸಲಾದ ಪಂಚಾಯ್ತಿನೂ ಆಗದೇ ಇದ್ದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರು. ಹೆಂಗಸರು ಅಧ್ಯಕ್ಷರಾದಲ್ಲಿ ಕುಡಿಯೋ ನೀರಿಗೆ ಹೆಚ್ಚು ದುಡ್ಡು ಹೋಯ್ತು, ಯಾಕಂದ್ರೆ ಊರ ಹೆಂಗಸರು ತರ್ತಿದ್ದ ದೂರಲ್ಲಿ ನೀರೇ ಮುಂದೆ. (ನೀರಿಗೆ ದುಡಿಯೋಕೆ ಹೆಂಗಸೇ ಆಗ್ಬೇಕಂತಿಲ್ಲ ಅನ್ನಿ, ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ನಮ್ಮ ನಜೀರ್ ಸಾಬ್‌ರಿಗೆ ಜನ ನೀರ್ ಸಾಬ್ ಅಂತ ಹೆಸರಿಟ್ಟಿದ್ದು ಸುಮ್ನೆನಾ.)

ನನ್ನ ಮನಸ್ಸಲ್ಲಿ ಉಳಿದಿರೋದು ಮಾತ್ರ ಬ್ರೆಜಿಲ್. 2003ರಿಂದ ಅಲ್ಲಿ ಕೇಂದ್ರ ಸರ್ಕಾರ ಯಾವ ಊರಿನ ಲೆಕ್ಕ ಆಡಿಟ್ ಮಾಡ್ಬೇಕು ಅಂತ ಲಾಟರಿ ಎತ್ತೋಕೆ ಶುರು ಮಾಡ್ತು, ನಿಜವಾದ ಲಾಟರಿ, ಪತ್ರಿಕೆಯೋರು ಪಕ್ಷದೋರನ್ನೆಲ್ಲ ಕೂರಿಸ್ಕೊಂಡು. ಹೆಸರು ಬಂದ ಊರಿಗೆ ಆಡಿಟರ್‌ಗಳು ಹೋಗಿ ಬಿಲ್ ನೋಡ್ತಿದ್ರು, ಬಿಲ್ಲಲ್ಲಿರೋ ಕಟ್ಟಡ ನೆಲದ ಮೇಲೂ ಇದ್ಯಾ ಅಂತ ನೋಡ್ತಿದ್ರು, ಆಮೇಲೆ ವರದಿ ಎಲ್ರಿಗೂ ಸಿಗೋ ಹಾಗೆ ಹಾಕ್ತಿದ್ರು. 2004ರ ಚುನಾವಣೆಗೆ ಮುಂಚೆ ಕೆಲವು ಊರಿನ ವರದಿ ಬಂತು, ಕೆಲವು ಊರಿಂದು ಆಮೇಲೆ. ಕ್ಲಾಡಿಯೋ ಫೆರಾಜ್, ಫ್ರೆಡೆರಿಕೋ ಫಿನಾನ್ ಇವನ್ನ ಹೋಲಿಸಿದಾಗ, ಮೊದಲೇ ಬಯಲಾದ ಕಳ್ಳ ಮೇಯರ್‌ಗಳು ಜಾಸ್ತಿ ಸೋತಿದ್ರು, ಲೋಕಲ್ ರೇಡಿಯೋ ಇದ್ದ ಊರಲ್ಲಂತೂ ಇನ್ನೂ ಜಾಸ್ತಿ. ಶುದ್ಧ ಹಸ್ತದೋರಿಗೆ ಅದೇ ರೇಡಿಯೋ ಓಟು ತಂದ್ಕೊಡ್ತು. ಇನ್ನೊಂದು ಲೆಕ್ಕದಲ್ಲಿ, ಮತ್ತೆ ನಿಲ್ಲೋ ಅವಕಾಶ ಇರೋ ಮೇಯರ್, ಕೊನೇ ಅವಧಿಯೋನಿಗಿಂತ 27% ಕಮ್ಮಿ ದುಡ್ಡು ನುಂಗಿದ್ದ. ಇದೇ ಥರದ ಆಡಿಟ್ ವರದಿಗಳನ್ನ ಇಟ್ಕೊಂಡು ಬೇರೆ ಇಬ್ರು, ನಿಕೋಲಸ್ ಕಾರ್ನ್ಸ್ ಮತ್ತು ನೋಮ್ ಲುಪು, ಡಿಗ್ರಿ ಇರೋ ಮೇಯರ್ ಕಮ್ಮಿ ತಿಂತಾನಾ ಅಂತ ನೋಡಿದ್ರು. ಇಲ್ವಂತೆ.

ಹಾಗಾಗಿ ನನ್ನ ಪ್ರಕಾರ ಮಾರ್ಕ್ಸ್ ಕಾರ್ಡ್ ಕೇಳೋದಕ್ಕಿಂತ ಲೆಕ್ಕದ ಪುಸ್ತಕ ಕೇಳೋದು ಮೇಲು. ನಮ್ಮಲ್ಲಿ ಅದಕ್ಕೆ ದಾರಿ ಮಾಡಿದ್ದೂ ಮೇಷ್ಟ್ರುಗಳೇ. ಐಐಎಂ ಅಹಮದಾಬಾದ್‌ನ ಪ್ರೊಫೆಸರ್‌ಗಳು 1999ರಲ್ಲಿ ಕೋರ್ಟಿಗೆ ಹೋಗಿದ್ದಕ್ಕೇ ಅಭ್ಯರ್ಥಿಗಳು ಆಸ್ತಿ, ಕೇಸು, ಓದು ಎಲ್ಲಾ ಅಫಿಡವಿಟ್‌ನಲ್ಲಿ ಬರೆಯೋ ಹಾಗಾಗಿದ್ದು. ಆ ಕಾಗದಗಳನ್ನೇ ಇಟ್ಕೊಂಡು ರೇಮಂಡ್ ಫಿಸ್ಮನ್ ಮತ್ತೆ ಸಂಗಡಿಗರು ಗೆದ್ದೋರ ಆಸ್ತಿನೂ ಎರಡನೇ ಸ್ಥಾನಕ್ಕೆ ಬಂದೋರ ಆಸ್ತಿನೂ ತೂಗಿದ್ರು: ಗೆದ್ದೋರದ್ದು ವರ್ಷಕ್ಕೆ 3ರಿಂದ 5% ಜಾಸ್ತಿ ವೇಗದಲ್ಲಿ ಬೆಳೆದಿತ್ತು, ಮಂತ್ರಿಗಳದ್ದು ಇನ್ನೂ ಜೋರು. ನೀವು ಗಣಿತದ ಮೇಷ್ಟ್ರಂತೆ, ನಿಮ್ಮ ಕ್ಷೇತ್ರದ ಎರಡು ಚುನಾವಣೆಯ ಅಫಿಡವಿಟ್ ತೆಗೆದು ಒಂದು ಕಳೆಯೋ ಲೆಕ್ಕ ಮಾಡಿ ನೋಡಿ, ಚುನಾವಣಾ ಆಯೋಗದ ವೆಬ್‌ಸೈಟಲ್ಲಿ ಸಿಗುತ್ತೆ, ಮೊಮ್ಮಗನಿಗೆ ಹೇಳಿದ್ರೆ ಫೋನಲ್ಲೇ ತೆಗೆದ್ಕೊಡ್ತಾನೆ.

ಅಂದಹಾಗೆ, ನಾಲ್ಕು ಪುಟದಲ್ಲಿ ವಿಧಾನಸೌಧಕ್ಕೆ ಮೂರೂವರೆ ಪುಟ ಬೈದಿದೀರಿ, ನಿಮ್ಮೂರಿನ ಗ್ರಾಮಸಭೆ ಬಗ್ಗೆ ಒಂದು ಸಾಲೂ ಇಲ್ವಲ್ಲ. ಹೋದ್ಸಲ ಹೋಗಿದ್ರಾ? ಈ ಸಲ ಹೋಗಿ, ಎಷ್ಟು ಜನ ಬಂದಿದ್ರು, ಖರ್ಚಿನ ಪಟ್ಟಿ ಜೋರಾಗಿ ಓದಿದ್ರಾ ಇಲ್ಲಾ ಸೈನ್ ಮಾಡಿಸ್ಕೊಂಡು ಕಳಿಸಿದ್ರಾ ಅಂತ ಬರೀರಿ, ಅರ್ಧ ಪುಟ ಸಾಕು, ಮುಂದಿನ ಸಂಚಿಕೇಲಿ ಜಾಗ ಇಟ್ಟಿರ್ತೀನಿ.

ಇಂತಿ,
ಸಂಪಾದಕ